ಅಮ್ಮನ ಪಾಸ್‌ಬುಕ್ಕಿನಿಂದ ಒಂದು ವರ್ಷದಲ್ಲಿ ₹1,968.78 ಹೋಗಿದೆ: ಯಾವ ಕಡಿತ ಸರಿ, ಯಾವುದನ್ನು ತಡೆಯಬಹುದಿತ್ತು?

ಹಾಸನದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 62 ವರ್ಷ. ಹಾಸನ ಜಿಲ್ಲೆಯ ಒಂದು ಹೋಬಳಿ ಕೇಂದ್ರದಲ್ಲಿ ಒಬ್ಬರೇ ಇದ್ದಾರೆ. ಅವರ ಉಳಿತಾಯ ಖಾತೆಗೆ ಬರುವುದು ಗೃಹಲಕ್ಷ್ಮಿ ಯೋಜನೆಯ ₹2,000 ಮತ್ತು ನಾನು ಆಗಾಗ ಕಳುಹಿಸುವ ಹಣ, ಅಷ್ಟೇ. ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದಾಗ, "ದುಡ್ಡು ಯಾಕೋ ಲೆಕ್ಕಕ್ಕೇ ಸಿಗ್ತಿಲ್ಲ, ನೀನೇ ಒಂದು ಸಲ ನೋಡು" ಎಂದು ಪಾಸ್‌ಬುಕ್ಕನ್ನು ಕೈಗಿಟ್ಟರು. ವರ್ಷದಿಂದ ಅದನ್ನು ಯಾರೂ ಮುದ್ರಣಕ್ಕೆ ಹಾಕಿರಲಿಲ್ಲ. ಶಾಖೆಯ ಬಾಗಿಲ ಬಳಿಯ ಯಂತ್ರಕ್ಕೆ ಹಾಕಿದಾಗ ಐದು ಪುಟ ತುಂಬಿತು. ಮನೆಗೆ ಬಂದು ಕೆಂಪು ಪೆನ್ನು ಹಿಡಿದು ಕುಳಿತು, ಅಮ್ಮ ತಾವಾಗಿ ತೆಗೆದ ಹಣವನ್ನು ಬಿಟ್ಟು ಉಳಿದ ಪ್ರತಿಯೊಂದು ಕಡಿತಕ್ಕೂ ಗುರುತು ಹಾಕುತ್ತಾ ಹೋದೆ.

ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ ₹236. ಮೂರು ತಿಂಗಳಿಗೊಮ್ಮೆ ಎಸ್‌ಎಂಎಸ್ ಶುಲ್ಕವೆಂದು ₹17.70ರಂತೆ ನಾಲ್ಕು ಸಲ. ಎಟಿಎಂ ಬಳಸಿದ್ದಕ್ಕೆ ₹27.14ರಂತೆ ಏಳು ಸಲ. ಕನಿಷ್ಠ ಶಿಲ್ಕು ಇರಲಿಲ್ಲವೆಂದು ₹118ರಂತೆ ನಾಲ್ಕು ಸಲ. ಎಲ್ಲಕ್ಕಿಂತ ದೊಡ್ಡದು ಅಪಘಾತ ವಿಮೆ ಎಂಬ ಹೆಸರಿನ ₹1,000. ಅಂಥ ಪಾಲಿಸಿಯೊಂದು ತಮ್ಮ ಹೆಸರಿನಲ್ಲಿದೆ ಎಂಬುದೇ ಅಮ್ಮನಿಗೆ ಗೊತ್ತಿಲ್ಲ. ಕೂಡಿದರೆ ₹1,968.78 ಆಯಿತು. ಅಂದರೆ ಗೃಹಲಕ್ಷ್ಮಿಯ ಹೆಚ್ಚುಕಡಿಮೆ ಒಂದು ಇಡೀ ಕಂತು ಅಮ್ಮನ ಕೈಗೆ ಬರದೆಯೇ ಖರ್ಚಾಗಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ₹20 ಕೂಡ ಕಡಿತವಾಗಿದೆ, ಆದರೆ ಅದಕ್ಕೆ ಅಮ್ಮ ತಾವೇ ಒಪ್ಪಿ ಸಹಿ ಮಾಡಿದ್ದರಿಂದ ಈ ಲೆಕ್ಕಕ್ಕೆ ಸೇರಿಸಿಲ್ಲ.

ಪಾಸ್‌ಬುಕ್ಕಿನಲ್ಲಿ ಇವೆಲ್ಲವೂ ಮೂರ್ನಾಲ್ಕು ಅಕ್ಷರಗಳ ಸಂಕೇತಗಳಾಗಿ, ಅದೂ ಇಂಗ್ಲಿಷಿನಲ್ಲಿ ಮುದ್ರಣವಾಗಿವೆ. ಪದವಿ ಓದಿರುವ ನನಗೇ ಒಂದೊಂದನ್ನು ಬಿಡಿಸಲು ಹತ್ತು ನಿಮಿಷ ಬೇಕಾಯಿತು. ಬ್ಯಾಂಕಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನಗೆ ಬೇಕಿರುವುದು ಒಂದೇ ತಿಳಿವಳಿಕೆ: ಇವುಗಳಲ್ಲಿ ಯಾವುದನ್ನು ಬ್ಯಾಂಕು ನಿಯಮದಂತೆ ತೆಗೆದುಕೊಂಡಿದೆ, ಯಾವುದನ್ನು ವಾಪಸ್ ಕೇಳಲು ನಮಗೆ ಹಕ್ಕಿದೆ?

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಶಿಕ್ಷಕಿಯವರೇ, ನೀವು ಮಾಡಿದ ಕೆಲಸವನ್ನು ಪ್ರತಿ ಮನೆಯಲ್ಲೂ ವರ್ಷಕ್ಕೆ ಎರಡು ಸಲವಾದರೂ ಯಾರಾದರೂ ಮಾಡಬೇಕು. ಮೂವತ್ತೊಂದು ವರ್ಷ ಕೌಂಟರಿನ ಒಳಗೆ ಕುಳಿತಿದ್ದವನಾಗಿ, ನಿಮ್ಮ ಪಟ್ಟಿಯನ್ನು ಒಂದೊಂದಾಗಿಯೇ ನೋಡುತ್ತೇನೆ.

ಮೊದಲು ಕನಿಷ್ಠ ಶಿಲ್ಕಿನ ದಂಡ. ನಿಮ್ಮ ಪಟ್ಟಿಯಲ್ಲಿ ವಾಪಸ್ ಕೇಳಲು ಅತ್ಯಂತ ಗಟ್ಟಿಯಾದ ಆಧಾರ ಇರುವುದು ಇದಕ್ಕೇ. ರಿಸರ್ವ್ ಬ್ಯಾಂಕು 2014ರ ನವೆಂಬರಿನಲ್ಲಿ ಹೊರಡಿಸಿ 2015ರ ಏಪ್ರಿಲ್ 1ರಿಂದ ಜಾರಿಗೆ ತಂದ ಸೂಚನೆಯ ಪ್ರಕಾರ, ಶಿಲ್ಕು ಕಡಿಮೆಯಾದ ಕೂಡಲೇ ಬ್ಯಾಂಕು ಗ್ರಾಹಕರಿಗೆ ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಅದನ್ನು ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳ ಅವಕಾಶ ಕೊಡಬೇಕು. ದಂಡವು ಎಷ್ಟು ಹಣ ಕಡಿಮೆ ಬಿದ್ದಿದೆಯೋ ಅದಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ದಂಡ ಹಾಕಿದ ಕಾರಣಕ್ಕೇ ಖಾತೆಯ ಶಿಲ್ಕು ಸೊನ್ನೆಗಿಂತ ಕೆಳಗೆ ಇಳಿಯಬಾರದು. ಆದ್ದರಿಂದ ನೀವು ಮೊದಲು ಕೇಳಬೇಕಾದದ್ದು, "ಯಾವ ತಾರೀಖಿನಂದು, ಯಾವ ನಂಬರಿಗೆ ಸೂಚನೆ ಕಳುಹಿಸಿದ್ದೀರಿ?" ಎಂದು. ನಾಲ್ಕು ಸಲವೂ ಒಂದೇ ಮೊತ್ತ ಬಿದ್ದಿದೆ ಎಂದರೆ, ಕೊರತೆಯ ಪ್ರಮಾಣವನ್ನು ಹೇಗೆ ಲೆಕ್ಕ ಹಾಕಿದರು ಎಂಬುದನ್ನೂ ಕೇಳಿ. ಭಾರತೀಯ ಸ್ಟೇಟ್ ಬ್ಯಾಂಕು 2020ರಲ್ಲಿಯೂ ಕೆನರಾ ಬ್ಯಾಂಕು 2025ರ ಜೂನ್ 1ರಿಂದಲೂ ಉಳಿತಾಯ ಖಾತೆಗಳಿಗೆ ಈ ದಂಡವನ್ನೇ ತೆಗೆದುಹಾಕಿವೆ ಎಂಬುದು ನಿಮ್ಮ ಗಮನದಲ್ಲಿರಲಿ.

ಎಟಿಎಂ ಶುಲ್ಕದ ವಿಷಯಕ್ಕೆ ಬಂದರೆ, ತಿಂಗಳಿಗೆ ಸ್ವಂತ ಬ್ಯಾಂಕಿನ ಎಟಿಎಂನಲ್ಲಿ 5 ವ್ಯವಹಾರ ಉಚಿತ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬೆಂಗಳೂರಿನಂಥ ಮಹಾನಗರದಲ್ಲಿ 3, ಉಳಿದ ಊರುಗಳಲ್ಲಿ 5 ಉಚಿತ. ಅದನ್ನು ಮೀರಿದರೆ 2025ರ ಮೇ 1ರಿಂದ ಪ್ರತಿ ಸಲಕ್ಕೆ ಗರಿಷ್ಠ ₹23 ಮತ್ತು ಅದರ ಮೇಲೆ ಶೇ 18ರ ಜಿಎಸ್‌ಟಿ, ನಿಮ್ಮ ₹27.14 ಬಂದಿರುವುದು ಹೀಗೆ. ಇಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ಶಿಲ್ಕು ನೋಡುವುದು, ಚಿಕ್ಕ ಸ್ಟೇಟ್‌ಮೆಂಟ್ ತೆಗೆಯುವುದು ಕೂಡ ಈ ಐದರ ಲೆಕ್ಕಕ್ಕೆ ಸೇರುತ್ತವೆ. ನಿಮ್ಮ ತಾಯಿಯವರು ತಿಂಗಳಿಗೆ ಎಷ್ಟು ಸಲ ಹಣ ತೆಗೆಯುತ್ತಾರೆ, ಯಾರ ಕೈಯಲ್ಲಿ ತೆಗೆಸುತ್ತಾರೆ ಎಂದು ವಿಚಾರಿಸಿ ನೋಡಿ.

ಎಸ್‌ಎಂಎಸ್ ಶುಲ್ಕವನ್ನು ನಿಜವಾಗಿ ಕಳುಹಿಸಿದ ಸಂದೇಶಗಳ ಲೆಕ್ಕದಲ್ಲಿ ಮಾತ್ರ ವಿಧಿಸಬೇಕೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಹೇಳಿದೆ. ನಾಲ್ಕು ತ್ರೈಮಾಸಿಕಗಳಲ್ಲೂ ಪೈಸೆ ಸಹಿತ ಒಂದೇ ಮೊತ್ತ ಬಂದಿರುವುದರಿಂದ ಆ ಪ್ರಶ್ನೆಯನ್ನೂ ಪತ್ರದಲ್ಲಿ ಸೇರಿಸಿ. ಕಾರ್ಡಿನ ₹236 ಶುಲ್ಕಪಟ್ಟಿಯಲ್ಲಿ ಇರುವಂಥದ್ದೇ. ಕಾರ್ಡು ಬೇಡವೆಂದರೆ ಮರಳಿಸಬಹುದು.

ವಿಮೆಗೆ ಸಂಬಂಧಿಸಿದಂತೆ, ನಿಮ್ಮ ತಾಯಿಯವರು ಸಹಿ ಮಾಡಿದ ಅರ್ಜಿಯ ಪ್ರತಿಯನ್ನು ಕೇಳಿ. ಬಾಯಿ ಮಾತಿನಲ್ಲಿ ಬೇಡ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಎರಡನೆಯ ಪ್ರತಿಗೆ ಶಾಖೆಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ಮೊಹರು ಬಿದ್ದ ಪತ್ರಕ್ಕೆ ಬ್ಯಾಂಕಿನೊಳಗೆ ಇರುವ ತೂಕ ನನಗೆ ಗೊತ್ತು.

ದಾವಣಗೆರೆಯ ಬಟ್ಟೆ ವ್ಯಾಪಾರಿ

ಹಿರಿಯರು ಉಳಿತಾಯ ಖಾತೆಯ ಬಗ್ಗೆ ಹೇಳಿದ್ದಾರೆ. ನನಗೆ ಪೆಟ್ಟು ಬಿದ್ದದ್ದು ಸಾಲದಲ್ಲಿ. ಅದನ್ನು ಪೂರ್ತಿಯಾಗಿ ಬರೆಯುತ್ತೇನೆ, ಏಕೆಂದರೆ ಇದೇ ಲೆಕ್ಕವನ್ನು ನಮ್ಮ ಬೀದಿಯ ಎಷ್ಟೋ ಅಂಗಡಿಯವರು ಇಂದಿಗೂ ನಂಬಿಕೊಂಡಿದ್ದಾರೆ.

2023ರ ದೀಪಾವಳಿಗೆ ಮುಂಚೆ ಮಾಲು ತುಂಬಿಸಲು ಒಂದು ಹಣಕಾಸು ಸಂಸ್ಥೆಯಿಂದ ₹1 ಲಕ್ಷ ತೆಗೆದುಕೊಂಡೆ. "ವರ್ಷಕ್ಕೆ ಶೇ 10 ಬಡ್ಡಿ, ತಿಂಗಳಿಗೆ ₹5,000ದಂತೆ 24 ಕಂತು" ಎಂದರು. ಎರಡು ವರ್ಷಕ್ಕೆ ಬಡ್ಡಿ ₹20,000, ಅಸಲು ಸೇರಿ ₹1,20,000, ಲೆಕ್ಕ ಸರಿಯಾಗಿಯೇ ಕಂಡಿತು. ಆದರೆ ಖಾತೆಗೆ ಬಂದದ್ದು ₹94,640. ಸಾಲದ ಅರ್ಜಿ ನೋಡಿ ಮಂಜೂರು ಮಾಡಿದ್ದಕ್ಕೆಂದು ಸಂಸ್ಕರಣಾ ಶುಲ್ಕ ಶೇ 2, ಅದರ ಮೇಲೆ ಜಿಎಸ್‌ಟಿ ಸೇರಿ ₹2,360 ಮುರಿದುಕೊಂಡಿದ್ದರು. ಸಾಲಕ್ಕೆ ವಿಮೆ ಎಂದು ₹3,000 ಬೇರೆ.

ಈಗ ಸಿ.ಎ. ಓದುತ್ತಿರುವ ನನ್ನ ಅಣ್ಣನ ಮಗ ಕಂಪ್ಯೂಟರಿನಲ್ಲಿ ಕೂರಿಸಿ ತೋರಿಸಿದ ವಿಷಯ ಹೀಗಿದೆ. ತಿಂಗಳು ತಿಂಗಳು ನಾನು ಅಸಲಿನ ಒಂದು ಭಾಗವನ್ನು ತೀರಿಸುತ್ತಾ ಬಂದರೂ, ಬಡ್ಡಿಯನ್ನು ಕೊನೆಯ ತಿಂಗಳವರೆಗೆ ಪೂರ್ತಿ ಒಂದು ಲಕ್ಷದ ಮೇಲೆಯೇ ಹಾಕಿದ್ದಾರೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಆ "ಶೇ 10" ಎಂಬುದು ಶೇ 18ಕ್ಕೂ ಸ್ವಲ್ಪ ಹೆಚ್ಚು. ಕೈಗೆ ಬಂದದ್ದು ₹94,640 ಮಾತ್ರ ಎಂಬುದನ್ನೂ ಸೇರಿಸಿದರೆ ಅದು ಶೇ 24ರ ಹತ್ತಿರ ಹೋಗಿ ನಿಲ್ಲುತ್ತದೆ. ಶೇ 24 ಎಂದು ಮೊದಲೇ ಹೇಳಿದ್ದರೆ ನಾನು ನಮ್ಮ ಸಹಕಾರಿ ಬ್ಯಾಂಕಿಗೆ ಹೋಗುತ್ತಿದ್ದೆ.

ಇದಾದ ಮೇಲೆ ಇನ್ನೊಂದು. ಒಂದು ತಿಂಗಳು ಖಾತೆಯಲ್ಲಿ ಮುನ್ನೂರು ರೂಪಾಯಿ ಕಡಿಮೆ ಇದ್ದುದರಿಂದ ಕಂತು ವಾಪಸಾಯಿತು. ನನ್ನ ಬ್ಯಾಂಕು ₹295 ತೆಗೆಯಿತು. ಸಾಲ ಕೊಟ್ಟವರು ಎರಡು ದಿನ ಬಿಟ್ಟು ಅದೇ ಕಂತನ್ನು ಮತ್ತೆ ವಸೂಲಿಗೆ ಹಾಕಿದರು. ಅದೂ ವಾಪಸಾಗಿ ಮತ್ತೆ ₹295. ಅವರ ಕಡೆಯ ಬೌನ್ಸ್ ಶುಲ್ಕ ಅದರ ಮೇಲೆ. ಮುನ್ನೂರು ರೂಪಾಯಿಯ ಕೊರತೆಗೆ ಸಾವಿರಕ್ಕೂ ಹೆಚ್ಚು ತೆತ್ತೆ. ಕಂತಿನ ತಾರೀಖನ್ನು ನಮ್ಮ ಕೈಗೆ ಹಣ ಬರುವ ತಾರೀಖಿಗಿಂತ ಐದು ದಿನವಾದರೂ ಮುಂದಕ್ಕೆ ಇಡಿಸಿಕೊಳ್ಳಬೇಕು ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ದಾವಣಗೆರೆಯವರು ಹೇಳಿದ ಲೆಕ್ಕ ಸರಿಯಾಗಿದೆ. ಈಗ ಸಾಲ ತೆಗೆದುಕೊಳ್ಳುವವರ ಕೈಗೆ ಒಂದು ಆಯುಧ ಬಂದಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಚಿಲ್ಲರೆ ಸಾಲಗಳಿಗೂ (ಅಂದರೆ ವ್ಯಕ್ತಿಗಳು ತಮಗಾಗಿ ಪಡೆಯುವ ಸಾಲಗಳಿಗೂ) ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಕೆಎಫ್‌ಎಸ್ ಎಂಬ ಪ್ರಮುಖ ಅಂಶಗಳ ಪತ್ರವನ್ನು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ, ಸಹಿಗೆ ಮುಂಚೆಯೇ ಕೊಡಬೇಕೆಂದು ರಿಸರ್ವ್ ಬ್ಯಾಂಕು ಕಡ್ಡಾಯ ಮಾಡಿದೆ. ಅದರಲ್ಲಿ ಎಪಿಆರ್ ಎಂಬ ಒಂದು ಅಂಕಿ ಇರುತ್ತದೆ. ಬಡ್ಡಿ, ಸಂಸ್ಕರಣಾ ಶುಲ್ಕ, ಸಂಸ್ಥೆ ಬೇರೆಯವರ ಪರವಾಗಿ ವಸೂಲು ಮಾಡುವ ವಿಮೆ ಮತ್ತು ಕಾನೂನು ವೆಚ್ಚ, ಇವೆಲ್ಲವನ್ನೂ ಸೇರಿಸಿದ ನಿಜವಾದ ವಾರ್ಷಿಕ ದರ ಅದು. ಎರಡು ಕಡೆ ಸಾಲ ವಿಚಾರಿಸುವವರು ಹೋಲಿಸಬೇಕಾದದ್ದು ಆ ಅಂಕಿಯನ್ನೇ ಹೊರತು ಏಜೆಂಟರು ಹೇಳುವ ಬಡ್ಡಿದರವನ್ನಲ್ಲ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಸಾಲವಾದರೆ ಆ ಪತ್ರವನ್ನು ಓದಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವಿದೆ. ಪತ್ರದಲ್ಲಿ ಕಾಣಿಸದ ಯಾವ ಶುಲ್ಕವನ್ನೂ ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ನಂತರ ಹಾಕುವಂತಿಲ್ಲ.

ಕಂತು ತಡವಾದರೆ ಹಾಕುವ ದಂಡದ ವಿಷಯದಲ್ಲೂ 2024ರ ಏಪ್ರಿಲ್‌ನಿಂದ ಬದಲಾವಣೆಯಾಗಿದೆ. ದಂಡವನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ. ಅದು ಪ್ರತ್ಯೇಕವಾದ, ಕಾರಣಕ್ಕೆ ತಕ್ಕಷ್ಟಿರುವ ಶುಲ್ಕವಾಗಿರಬೇಕು. ಇನ್ನೊಂದು ಕೆಟ್ಟ ರೂಢಿಯನ್ನೂ ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲೇ ಹೆಸರಿಸಿ ಖಂಡಿಸಿತು. ಹಣ ಕೈಗೆ ಬಂದ ದಿನದಿಂದ ಬಡ್ಡಿ ಹಾಕುವ ಬದಲು ಸಾಲ ಮಂಜೂರಾದ ದಿನದಿಂದ ಹಾಕುವುದು, ಮೊದಲ ಕಂತನ್ನು ಮುಂಗಡವಾಗಿ ಹಿಡಿದುಕೊಂಡು ಪೂರ್ತಿ ಸಾಲದ ಮೇಲೆ ಬಡ್ಡಿ ಎಣಿಸುವುದು ಇತ್ಯಾದಿ. ನಿಮ್ಮ ಸಾಲದ ಖಾತೆಯ ವಿವರದಲ್ಲಿ ಮಂಜೂರಾದ ತಾರೀಖನ್ನೂ ಹಣ ಬಿಡುಗಡೆಯಾದ ತಾರೀಖನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಗೊತ್ತಾಗುತ್ತದೆ.

ಶಾಖೆಯೊಂದರ ಉದ್ಯೋಗಿ

ಸೇವೆಯಲ್ಲಿರುವುದರಿಂದ ಊರನ್ನೂ ಬ್ಯಾಂಕನ್ನೂ ಹೇಳುವುದಿಲ್ಲ. ಎಲ್ಲ ಶುಲ್ಕಗಳೂ ಮೋಸ ಎಂಬ ಭಾವನೆ ಈ ಚರ್ಚೆಯಿಂದ ಹುಟ್ಟಬಾರದು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ. ಎಟಿಎಂ ಇಡಲು, ಅದಕ್ಕೆ ಹಣ ತುಂಬಲು ಖರ್ಚಿದೆ. ಬೇರೆ ಬ್ಯಾಂಕಿನ ಎಟಿಎಂ ಬಳಸಿದರೆ ನಮ್ಮ ಬ್ಯಾಂಕು ಅವರಿಗೆ ಹಣ ಕೊಡಬೇಕಾಗುತ್ತದೆ. ಶುಲ್ಕಪಟ್ಟಿ ಪ್ರತಿ ಬ್ಯಾಂಕಿನ ಜಾಲತಾಣದಲ್ಲಿದೆ. ಗ್ರಾಹಕರು ಅದನ್ನು ಕೇಳುವುದೇ ಇಲ್ಲ ಎಂಬುದು ನಮ್ಮ ಅನುಭವ.

ಆದರೆ ವಿಮೆಯ ವಿಷಯದಲ್ಲಿ ಸುಮ್ಮನಿರಲಾರೆ. ಖಾತೆ ತೆರೆಯುವ ಅರ್ಜಿಯ ಜೊತೆಯಲ್ಲೇ ವಿಮೆಯ ಒಪ್ಪಿಗೆ ಪತ್ರವೂ ಇರುತ್ತದೆ. ಹತ್ತು ಹನ್ನೆರಡು ಕಡೆ ಗುಣಾಕಾರದ ಗುರುತು ಹಾಕಿ, "ಇಲ್ಲಿ, ಇಲ್ಲಿ, ಇಲ್ಲಿ ಸಹಿ ಮಾಡಿ ಅಮ್ಮಾ" ಎಂದು ಬೆರಳಿಟ್ಟು ತೋರಿಸಿದರೆ ಅವರು ನಂಬಿ ಸಹಿ ಮಾಡುತ್ತಾರೆ. ನಮಗೆ ತಿಂಗಳ ಗುರಿ ಇರುತ್ತದೆ; ಆ ಒತ್ತಡದಲ್ಲಿ ಹೀಗೆ ಸಹಿ ಮಾಡಿಸಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದು ತಪ್ಪು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಅರ್ಜಿಗೆ ಸಹಿ ಮಾಡುವಾಗ ನಿಮಗೆ ಬೇಡದ ಭಾಗದ ಮೇಲೆ ಓರೆಯಾಗಿ ಒಂದು ಗೆರೆ ಎಳೆದು "ಬೇಡ" ಎಂದು ಬರೆಯಿರಿ, ಖಾಲಿ ಚೌಕಗಳನ್ನು ಖಾಲಿ ಬಿಡಬೇಡಿ. ಸಹಿ ಮಾಡಿದ ಮೇಲೆ ಎಲ್ಲ ಪುಟಗಳ ಫೋಟೊ ತೆಗೆದುಕೊಳ್ಳಿ. ಯಾರೂ ಬೇಡವೆನ್ನುವುದಿಲ್ಲ. ಪಾಲಿಸಿ ಕೈಸೇರಿದ ಮೇಲೂ 30 ದಿನಗಳೊಳಗೆ ಕಾರಣ ಹೇಳದೆ ಹಿಂದಿರುಗಿಸಿ ಹಣ ಪಡೆಯುವ ಅವಕಾಶವನ್ನು 2024ರ ವಿಮಾ ನಿಯಮಗಳು ಕೊಟ್ಟಿವೆ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಪಾಲಿಸಿಗಳಿಗೆ ಅದು ಅನ್ವಯಿಸುವುದಿಲ್ಲ.

ಶಿಕ್ಷಕಿಯವರಿಗೆ ಇನ್ನೊಂದು ಮಾತು. ನಿಮ್ಮ ತಾಯಿಯವರ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಾಯಿಸಿಕೊಡಿ ಎಂದು ಅರ್ಜಿ ಕೊಡಿ. ಅದಕ್ಕೆ ಕನಿಷ್ಠ ಶಿಲ್ಕು ಇಲ್ಲ, ಎಟಿಎಂ ಕಾರ್ಡಿಗೆ ವಾರ್ಷಿಕ ಶುಲ್ಕ ಇಲ್ಲ, ತಿಂಗಳಿಗೆ ಕನಿಷ್ಠ 4 ಸಲ ಉಚಿತವಾಗಿ ಹಣ ತೆಗೆಯಬಹುದು. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ ಎಂಬುದು ಮಾತ್ರ ಷರತ್ತು. ಅವರಂಥವರಿಗಾಗಿಯೇ ಇರುವ ಖಾತೆ ಅದು, ಆದರೆ ಕೌಂಟರಿನಲ್ಲಿ ತಾವಾಗಿ ಇದರ ಬಗ್ಗೆ ಹೇಳುವವರು ಕಡಿಮೆ.

ಬೆಂಗಳೂರು, ಯಶವಂತಪುರ

ನಗರದಲ್ಲಿ ದುಡಿಯುವ ನನ್ನಂಥವರಿಗೆ ಬರುವ ಪೆಟ್ಟಿನ ಬಗೆ ಬೇರೆ. ಫೋನ್ ಕೊಳ್ಳಲು ಹೋದಾಗ "ಬಡ್ಡಿಯೇ ಇಲ್ಲದ ಇಎಂಐ" ಎಂದು ₹30,000ದ ಫೋನನ್ನು ₹5,000ದ ಆರು ಕಂತಿಗೆ ಕೊಟ್ಟರು. ಮೊದಲ ತಿಂಗಳ ಕ್ರೆಡಿಟ್ ಕಾರ್ಡ್ ಬಿಲ್ ಬಂದಾಗ ಸಾಲು ಸಾಲಾಗಿ ಬಿಡಿಸಿ ನೋಡಿದೆ. ಫೋನಿನ ಬೆಲೆಯನ್ನು ₹28,730 ಎಂದು ತೋರಿಸಿ, ಉಳಿದ ₹1,270ನ್ನು ವಾರ್ಷಿಕ ಶೇ 15ರ ಬಡ್ಡಿ ಎಂದು ಬರೆದಿದ್ದಾರೆ. ಅಂಗಡಿಯವರು ಬಡ್ಡಿಯಷ್ಟು ರಿಯಾಯಿತಿ ಕೊಟ್ಟಿರುವುದರಿಂದ ಅಲ್ಲಿಗೆ ಸಮವಾಯಿತು. ಆದರೆ ಆ ಬಡ್ಡಿಯ ಮೇಲಿನ ಶೇ 18ರ ಜಿಎಸ್‌ಟಿ, ಅಂದರೆ ಸುಮಾರು ₹229, ನನ್ನ ಪಾಲಿಗೇ ಬಂತು. ಸಂಸ್ಕರಣಾ ಶುಲ್ಕ ₹199, ಅದರ ಮೇಲೆ ಜಿಎಸ್‌ಟಿ ಸೇರಿ ₹235. ಅಲ್ಲಿಗೆ ₹464 ಆಯಿತು. ಇದಕ್ಕಿಂತ ಹೆಚ್ಚು ನೋವಾದದ್ದು, ಅದೇ ಅಂಗಡಿಯಲ್ಲಿ ಅದೇ ವಾರ ನನ್ನ ಗೆಳತಿ ಅದೇ ಫೋನನ್ನು ಯುಪಿಐ ಮೂಲಕ ಪೂರ್ತಿ ಹಣ ಕೊಟ್ಟು ₹28,500ಕ್ಕೆ ತಂದಾಗ. ಶೇ 0 ಬಡ್ಡಿ ಎಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು ಎಂಬುದನ್ನು ಆಮೇಲೆ ಓದಿ ತಿಳಿದೆ. ಈಗ ನಾನು ಅಂಗಡಿಯಲ್ಲಿ ಮೊದಲು ಕೇಳುವುದು "ಒಂದೇ ಸಲ ಕೊಟ್ಟರೆ ಎಷ್ಟು?" ಎಂದು. ಇಎಂಐ ಮಾತು ಅದರ ನಂತರ.

ಕಾರ್ಡಿನ ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ ಕಾಣುವ "ಕನಿಷ್ಠ ಪಾವತಿ" ಬಗ್ಗೆಯೂ ಎಚ್ಚರಿಸಬೇಕು. ಅಷ್ಟನ್ನೇ ಕಟ್ಟಿದರೆ ತಡಪಾವತಿ ಶುಲ್ಕ ಬೀಳುವುದಿಲ್ಲ ನಿಜ, ಆದರೆ ಬಡ್ಡಿರಹಿತ ದಿನಗಳ ಸೌಲಭ್ಯ ಅಲ್ಲಿಗೆ ಮುಗಿಯುತ್ತದೆ; ಹಳೆಯ ಬಾಕಿಗೆ ಖರೀದಿಸಿದ ದಿನದಿಂದ ಬಡ್ಡಿ, ಹೊಸದಾಗಿ ಕೊಂಡ ತರಕಾರಿಗೂ ಮೊದಲ ದಿನದಿಂದಲೇ ಬಡ್ಡಿ. ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42 ಎಂದು ಬಿಲ್ಲಿನ ಹಿಂಬದಿಯಲ್ಲಿ ಸಣ್ಣದಾಗಿ ಬರೆದಿರುತ್ತದೆ.

ತುಮಕೂರಿನ ವಿದ್ಯಾರ್ಥಿ

ಯಶವಂತಪುರದ ಮೇಡಂ ಹೇಳಿದ್ದರ ಜೊತೆಗೆ ಇದನ್ನೂ ಸೇರಿಸಬಹುದು. ₹1 ಕೊಟ್ಟು ಒಂದು ವಾರ ಬಳಸಿ ನೋಡಿ ಎನ್ನುವ ಆ್ಯಪ್‌ಗಳು ಆ ಒಂದು ರೂಪಾಯಿಯ ಜೊತೆಯಲ್ಲೇ ಯುಪಿಐ ಆಟೊಪೇ ಅನುಮತಿಯನ್ನೂ, ಅಂದರೆ ಪ್ರತಿ ಸಲ ನಮ್ಮನ್ನು ಕೇಳದೆ ಹಣ ತೆಗೆದುಕೊಳ್ಳುವ ಒಪ್ಪಿಗೆಯನ್ನೂ, ಪಡೆದುಕೊಳ್ಳುತ್ತವೆ. ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೂ ಅನುಮತಿ ಉಳಿದಿರುತ್ತದೆ, ಹಣ ಹೋಗುತ್ತಲೇ ಇರುತ್ತದೆ. ನನ್ನ ಫೋನಿನ ಪಾವತಿ ಆ್ಯಪ್ ತೆರೆದು ಆಟೊಪೇ ಎಂಬ ಭಾಗಕ್ಕೆ ಹೋಗಿ ನೋಡಿದಾಗ ಮೂರು ಅನುಮತಿಗಳು ಜೀವಂತವಾಗಿದ್ದವು. ಅವುಗಳಲ್ಲಿ ಎರಡು ಯಾವುದಕ್ಕೆಂಬುದೇ ನೆನಪಿರಲಿಲ್ಲ. ಅಲ್ಲಿಯೇ ರದ್ದುಪಡಿಸಬಹುದು. ಹಣ ಕಡಿತವಾಗುವ 24 ಗಂಟೆ ಮುಂಚೆ ಬರುವ ಸಂದೇಶವನ್ನು ಜಾಹೀರಾತೆಂದು ಅಳಿಸಿಬಿಡಬೇಡಿ.

ಹೀಗೆ ಚಂದಾದ ಬಲೆಗೆ ಬೀಳಿಸುವುದು, ಕೊನೆಯ ಪುಟದವರೆಗೆ ಪೂರ್ತಿ ಬೆಲೆ ತೋರಿಸದಿರುವುದು, ಕೇಳದ ವಸ್ತುವನ್ನು ಬಿಲ್ಲಿಗೆ ತುರುಕುವುದು, ಇವೆಲ್ಲವನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅಂಥ 13 ತಂತ್ರಗಳ ಪಟ್ಟಿಯೇ ಅದರಲ್ಲಿದೆ. ದೂರಿಗೆ ಗ್ರಾಹಕ ಸಹಾಯವಾಣಿ 1915. ಬಸ್ಸಿನ ಟಿಕೆಟಿಗೆ ತಾನಾಗಿ ಸೇರಿಕೊಂಡಿದ್ದ ಪ್ರಯಾಣ ವಿಮೆಯ ಬಗ್ಗೆ ನಾನು ಅಲ್ಲಿಗೆ ದೂರು ಕೊಟ್ಟಿದ್ದೆ, ಹಣ ವಾಪಸ್ ಬಂತು.

ಧಾರವಾಡದ ಗೃಹಿಣಿ

ನಾವು ಸಂಘದ ಹೆಣ್ಣುಮಕ್ಕಳು ಕಿರುಸಾಲ ತೆಗೆದುಕೊಳ್ಳುವವರು. ಸಾಲವನ್ನು ಅವಧಿಗೆ ಮುಂಚೆ ತೀರಿಸುತ್ತೇವೆ ಎಂದರೆ ಅದಕ್ಕೂ ಶುಲ್ಕ ಕೇಳಿದ್ದರು. ವಾರ್ಷಿಕ ಆದಾಯ ₹3 ಲಕ್ಷದವರೆಗಿನ ಕುಟುಂಬಗಳಿಗೆ ಅಡಮಾನವಿಲ್ಲದೆ ಕೊಡುವ ಕಿರುಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡ ಇರಬಾರದು, ತಡವಾದರೆ ದಂಡವು ತಡವಾದ ಕಂತಿನ ಮೇಲೆ ಮಾತ್ರ ಬೀಳಬೇಕು, ಸಾಲದ ಜೊತೆ ಬೇರೆ ಸಾಮಾನನ್ನಾಗಲಿ ವಿಮೆಯನ್ನಾಗಲಿ ಒತ್ತಾಯದಿಂದ ಕೊಡಬಾರದು ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ನಮ್ಮ ಸಂಘದ ಅಕ್ಕೋರು ಆ ನಿಯಮವನ್ನು ಮುದ್ರಿಸಿಕೊಂಡು ಬಂದು ಸಭೆಯಲ್ಲಿ ಓದಿಸಿದ ಮೇಲೆ ಆ ಶುಲ್ಕದ ಮಾತೇ ನಿಂತಿತು.

ಚೀಟಿ ಹಾಕುವವರಿಗೂ ಒಂದು ಮಾತು. ನೋಂದಾಯಿತ ಚೀಟಿಯಲ್ಲಿ ನಡೆಸುವವರ ಕಮಿಷನ್ ಚೀಟಿ ಮೊತ್ತದ ಶೇ 7ಕ್ಕಿಂತ ಹೆಚ್ಚಿರುವಂತಿಲ್ಲ. 2019ರವರೆಗೆ ಅದು ಶೇ 5 ಇತ್ತು. ಒಂದು ಲಕ್ಷದ ಚೀಟಿ ಎಂದರೆ ₹7,000. ಹರಾಜಿನಲ್ಲಿ ಬಿಟ್ಟುಕೊಟ್ಟ ಹಣದ ಜೊತೆಗೆ ಇದನ್ನೂ ಸೇರಿಸಿ ಲೆಕ್ಕ ಹಾಕಿದರೆ ಮಾತ್ರ ಆ ಹಣ ನಮಗೆ ಎಷ್ಟಕ್ಕೆ ಬಿತ್ತು ಎಂಬುದು ತಿಳಿಯುತ್ತದೆ. ಮನೆಗೆ ಗ್ಯಾಸ್ ಸಿಲಿಂಡರ್ ತರುವವರಿಗೆ ಬಿಲ್ಲಿನ ಮೇಲೆ ಮೂವತ್ತು ನಲವತ್ತು ಕೊಡುವ ರೂಢಿಯೂ ಹೀಗೆಯೇ. ಮನೆಗೆ ತಲುಪಿಸುವ ವೆಚ್ಚ ಬಿಲ್ಲಿನ ಬೆಲೆಯಲ್ಲೇ ಸೇರಿದೆ. ಮೂರು ಮಹಡಿ ಹತ್ತಿ ತಂದವನಿಗೆ ನಾನು ಸಂತೋಷದಿಂದ ಕೊಡುತ್ತೇನೆ, ಆದರೆ ಅದು ನನ್ನ ಇಚ್ಛೆ ಎಂಬುದು ಇಬ್ಬರಿಗೂ ಗೊತ್ತಿರಬೇಕು.

ಅಬುಧಾಬಿಯಲ್ಲಿರುವ ಕುಂದಾಪುರದವರು

ಊರಿಗೆ ಹಣ ಕಳುಹಿಸುವ ನಮ್ಮಂಥವರಿಗೆ "ಶುಲ್ಕವೇ ಇಲ್ಲ" ಎಂಬ ಫಲಕ ಕಂಡ ಕಡೆ ಹೆಚ್ಚು ಎಚ್ಚರ ಬೇಕು. ಶುಲ್ಕವನ್ನು ಸೊನ್ನೆ ಮಾಡಿ ವಿನಿಮಯ ದರದಲ್ಲಿ ಹಿಡಿದುಕೊಳ್ಳುತ್ತಾರೆ. ಒಂದು ದಿರ್ಹಮಿಗೆ 30 ಪೈಸೆ ಕಡಿಮೆ ಕೊಟ್ಟರೆ 4,000 ದಿರ್ಹಮಿಗೆ ₹1,200 ಹೋಯಿತು. 15 ದಿರ್ಹಮ್ ಶುಲ್ಕ ಕೇಳಿ ಒಳ್ಳೆಯ ದರ ಕೊಡುವವರೇ ಅಗ್ಗ. ಆದ್ದರಿಂದ ನಾನು ದರವನ್ನೂ ಕೇಳುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ. "ನಾನು ಇಷ್ಟು ದಿರ್ಹಮ್ ಕೊಟ್ಟರೆ ಅಮ್ಮನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?" ಎಂಬ ಒಂದೇ ಪ್ರಶ್ನೆಯನ್ನು ಮೂರು ಕಡೆ ಕೇಳುತ್ತೇನೆ. ರೂಪಾಯಿಗೆ ಪರಿವರ್ತಿಸುವಾಗ ಊರಿನ ಬ್ಯಾಂಕಿನಲ್ಲಿ ಕನಿಷ್ಠ ₹45 ಜಿಎಸ್‌ಟಿ ಬೀಳುವುದುಂಟು, ಅದು ನಿಯಮದಂತೆಯೇ.

ಭಾರತದ ಕಾರ್ಡನ್ನು ಇಲ್ಲಿಯ ಅಂಗಡಿಯಲ್ಲಿ ಬಳಸಿದಾಗ "ರೂಪಾಯಿಯಲ್ಲಿ ಕೊಡುತ್ತೀರಾ, ದಿರ್ಹಮಿನಲ್ಲಾ?" ಎಂದು ಯಂತ್ರ ಕೇಳುತ್ತದೆ. ರೂಪಾಯಿ ನಮಗೆ ಪರಿಚಿತವೆಂದು ಒತ್ತಿದರೆ ಅಂಗಡಿಯ ಕಡೆಯವರು ಹೇಳಿದ ದರವೇ ಅಂತಿಮವಾಗುತ್ತದೆ. ಯಾವಾಗಲೂ ಸ್ಥಳೀಯ ಹಣವನ್ನೇ ಆರಿಸಿ.

ಮೈಸೂರು, ಕುವೆಂಪುನಗರ

ಮಗಳ ಹೆಸರಿನಲ್ಲಿ ಮ್ಯೂಚುವಲ್ ಫಂಡಿಗೆ ತಿಂಗಳಿಗೆ ₹5,000 ಕಟ್ಟುತ್ತಿದ್ದೇನೆ. ಪಾಸ್‌ಬುಕ್ಕಿನಲ್ಲಿ ಯಾವ ಕಡಿತವೂ ಕಾಣಿಸುವುದಿಲ್ಲ. ಹಾಗಾದರೆ ಇಲ್ಲಿ ಶುಲ್ಕ ಇಲ್ಲವೆಂದು ತಿಳಿಯಬಹುದೇ?

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಇದೆ, ಮತ್ತು ಕಣ್ಣಿಗೆ ಕಾಣದ ಕಡಿತಗಳಲ್ಲಿ ಇದೇ ಅತಿ ದೊಡ್ಡದು. ಫಂಡಿನ ವೆಚ್ಚವನ್ನು ದಿನದಿನವೂ ತೆಗೆದು, ಉಳಿದದ್ದನ್ನೇ ನಿಮಗೆ ಯೂನಿಟ್ ಬೆಲೆಯಾಗಿ ತೋರಿಸುತ್ತಾರೆ. 2013ರ ಜನವರಿ 1ರಿಂದ ಪ್ರತಿ ಫಂಡಿಗೂ ಡೈರೆಕ್ಟ್ ಮತ್ತು ರೆಗ್ಯುಲರ್ ಎಂಬ ಎರಡು ಯೋಜನೆಗಳಿವೆ. ರೆಗ್ಯುಲರಿನಲ್ಲಿ ಮಾರಾಟ ಮಾಡಿದವರ ಕಮಿಷನ್ ಸೇರಿರುತ್ತದೆ. ವ್ಯತ್ಯಾಸ ವರ್ಷಕ್ಕೆ ಶೇ 1 ಎಂದೇ ಇಟ್ಟುಕೊಳ್ಳೋಣ. ನೀವು ಕಟ್ಟುವ ₹5,000, ಇಪ್ಪತ್ತು ವರ್ಷದಲ್ಲಿ, ಶೇ 12ರಂತೆ ಬೆಳೆದರೆ ಸುಮಾರು ₹50 ಲಕ್ಷ; ಶೇ 11ರಂತೆ ಬೆಳೆದರೆ ಸುಮಾರು ₹43.7 ಲಕ್ಷ. ಇವು ಲೆಕ್ಕ ತೋರಿಸಲು ಇಟ್ಟ ದರಗಳು, ಭರವಸೆ ಎಂದು ತಿಳಿಯಬೇಡಿ. ನಿಮ್ಮ ಏಜೆಂಟರು ಮಾರುಕಟ್ಟೆ ಬಿದ್ದಾಗ ಕೈಹಿಡಿದು ನಿಲ್ಲಿಸುವವರಾದರೆ ಆ ಶೇ 1 ಅವರ ದುಡಿಮೆಯ ಕೂಲಿ, ಕೊಡುವುದರಲ್ಲಿ ತಪ್ಪಿಲ್ಲ. ಒಂದು ಸಲ ಅರ್ಜಿ ತುಂಬಿಸಿಕೊಂಡು ಹೋದವರು ಮತ್ತೆ ಮುಖ ತೋರಿಸಿಲ್ಲವಾದರೆ ಮುಂದಿನ ಕಂತುಗಳನ್ನು ಡೈರೆಕ್ಟ್ ಯೋಜನೆಗೆ ಕಟ್ಟಿ. ಹಳೆಯದನ್ನು ಬದಲಾಯಿಸುವ ಮುಂಚೆ ತೆರಿಗೆಯನ್ನೂ, ಫಂಡಿನಿಂದ ಹಣ ಹೊರತೆಗೆದರೆ ಬೀಳುವ ನಿರ್ಗಮನ ಶುಲ್ಕವನ್ನೂ ವಿಚಾರಿಸಿ.

ಹಾಸನದ ಶಿಕ್ಷಕಿ

ಇಷ್ಟು ಮಂದಿ ಸಮಯ ಕೊಟ್ಟು ಬರೆದಿದ್ದೀರಿ, ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಆದದ್ದನ್ನು ತಿಳಿಸುತ್ತೇನೆ.

ಎಟಿಎಂನ ಗುಟ್ಟು ಹಿರಿಯರು ಊಹಿಸಿದಂತೆಯೇ ಇತ್ತು. ಅಮ್ಮ ಬಸ್ ನಿಲ್ದಾಣದ ಎದುರಿನ ಬೇರೆ ಬ್ಯಾಂಕಿನ ಎಟಿಎಂಗೆ ಪಕ್ಕದ ಮನೆಯ ಹುಡುಗನನ್ನು ಕರೆದುಕೊಂಡು ಹೋಗುತ್ತಾರೆ. ಅವನು ಪಾಪ, ಒಳ್ಳೆಯ ಮನಸ್ಸಿನಿಂದಲೇ, ಮೊದಲು ಶಿಲ್ಕು ನೋಡಿ ಹೇಳಿ, ಹಣ ತೆಗೆದು, ಮತ್ತೊಮ್ಮೆ ಶಿಲ್ಕು ನೋಡಿ ಹೇಳುತ್ತಿದ್ದ. ಒಂದು ಸಲ ಹಣ ತೆಗೆದರೆ ಮೂರು ವ್ಯವಹಾರ. ಎರಡನೆಯ ಸಲಕ್ಕೇ ಐದು ಮುಗಿದು, ಮೂರನೆಯ ಸಲ ಹಣ ತೆಗೆದಾಗ ₹27.14 ಬೀಳುತ್ತಿತ್ತು. ಆ ಕಡಿತ ನಿಯಮದಂತೆಯೇ ಆಗಿರುವುದರಿಂದ ಅದನ್ನು ವಾಪಸ್ ಕೇಳಲಿಲ್ಲ.

ಕನಿಷ್ಠ ಶಿಲ್ಕಿನ ಸೂಚನೆಗಳು ಹೋಗಿದ್ದದ್ದು ನನ್ನ ತಂದೆಯವರ ನಂಬರಿಗೆ. ಅವರು ತೀರಿಕೊಂಡು ಮೂರು ವರ್ಷವಾಯಿತು, ಆ ಸಿಮ್ ಬಂದ್ ಆಗಿದೆ. ಎಸ್‌ಎಂಎಸ್ ಶುಲ್ಕವನ್ನೂ ಅದೇ ನಂಬರಿನ ಹೆಸರಿನಲ್ಲಿ ತೆಗೆಯುತ್ತಿದ್ದರು. ನಂಬರ್ ಬದಲಾಯಿಸದೆ ಬಿಟ್ಟದ್ದು ನಮ್ಮ ತಪ್ಪು ಎಂದು ಪತ್ರದಲ್ಲಿ ಒಪ್ಪಿಕೊಂಡೇ, ಗ್ರಾಹಕರಿಗೆ ಸೂಚನೆ ತಲುಪಿಲ್ಲವೆಂಬುದನ್ನೂ ಕೊರತೆಯ ಪ್ರಮಾಣದ ಪ್ರಶ್ನೆಯನ್ನೂ ಬರೆದೆವು. ಮ್ಯಾನೇಜರ್ ಪತ್ರವನ್ನು ಎರಡು ಸಲ ಓದಿದರು. ನಾಲ್ಕು ದಿನಗಳ ನಂತರ ₹472 ಅಮ್ಮನ ಖಾತೆಗೆ ಮರಳಿ ಬಂತು. ಮೂಲ ಉಳಿತಾಯ ಖಾತೆಗೆ ಬದಲಾಯಿಸುವ ಅರ್ಜಿಯನ್ನೂ ಅಂದೇ ಕೊಟ್ಟು, ನನ್ನ ನಂಬರನ್ನು ಸೇರಿಸಿದ್ದೇವೆ.

ವಿಮೆಯ ವಿಷಯ ಇನ್ನೂ ಬಗೆಹರಿದಿಲ್ಲ. ಮುಂದಿನ ವರ್ಷದಿಂದ ಕಡಿತ ನಿಲ್ಲಿಸುತ್ತೇವೆ ಎಂದಿದ್ದಾರೆ. ಈ ವರ್ಷದ ₹1,000ಕ್ಕೆ ಸಂಬಂಧಿಸಿದಂತೆ ಸಹಿ ಮಾಡಿದ ಅರ್ಜಿಯನ್ನು ತೋರಿಸಿ ಎಂದರೆ, ಅದು ಬೇರೆ ಕಚೇರಿಯಲ್ಲಿದೆ ಎಂಬ ಉತ್ತರ ಬಂದಿದೆ. ನಮ್ಮ ಪತ್ರದ ಪ್ರತಿಗೆ ಮೊಹರು ಬಿದ್ದಿದೆ, ತಾರೀಖೂ ಇದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದ ಮೇಲೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಸಿಎಂಎಸ್ ಎಂಬ ಅದರ ದೂರು ಜಾಲತಾಣದ ಮೂಲಕ ಉಚಿತವಾಗಿ ದೂರು ಸಲ್ಲಿಸಬಹುದು ಎಂದು 14448ಕ್ಕೆ ಕರೆ ಮಾಡಿ ತಿಳಿದುಕೊಂಡಿದ್ದೇನೆ. ಬರುವ ಸೋಮವಾರಕ್ಕೆ 30 ದಿನ ತುಂಬುತ್ತದೆ. ಅಂದು ಸಂಜೆ ಶಾಲೆಯಿಂದ ಬಂದ ಮೇಲೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ದೂರು ಹಾಕುತ್ತೇನೆ. ಮುಂದೆ ಏನಾಯಿತೆಂಬುದನ್ನು ಇಲ್ಲಿಯೇ ಬರೆಯುತ್ತೇನೆ.